ಗ್ರೆಗ್ ಅಂಕಲ್ ಕೊಡಿಸಿದ ಸಾಂಬಾರು

ನಾವಿನ್ನೂ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ರೆಂಟ್ ಕಟ್ಟಿಕೊಂಡಿದ್ದ ಕಾಲ ಅದು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಗೋಡೆಯಿತ್ತು, ಸೂರಿರಲಿಲ್ಲ. ಫುಟ್‌ಪಾತಿನ ಗಿಡಗಳೆಲ್ಲ ನನಗಿಂತ ಕುಳ್ಳಗಿದ್ದವು. ಹೊಸ ಸಬರ್ಬ್‌ಗಳಲ್ಲಿ ಬೆಳೆದವರಿಗೆ ಆ ವಾಸನೆ ಹೇಳಬೇಕಾಗಿಲ್ಲ: ಹಸಿ ಸಿಮೆಂಟು, ಕೊಯ್ದ ಮರದ ಹೊಟ್ಟು, ಸಂಜೆಯಾದರೆ ಪಕ್ಕದ ಮನೆಯ ಬಾರ್ಬೆಕ್ಯೂ. ಈಗ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ನನ್ನದೇ ಮನೆಯಿದೆ, ನನ್ನದೇ ಮಾರ್ಟ್‌ಗೇಜ್ ಇದೆ, ವಾಸನೆಯೂ ಹೆಚ್ಚುಕಡಿಮೆ ಅದೇ. ಆದರೆ ಆ ವರ್ಷದ ಈಸ್ಟರ್ ರಜೆಯಲ್ಲಿ ನಡೆದದ್ದು ಮಾತ್ರ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಯಾರು ಸರಿ, ಯಾರು ತಪ್ಪು, ನಗಬೇಕೋ ಅಳಬೇಕೋ, ಒಂದೂ ಬಗೆಹರಿದಿಲ್ಲ.

ಆ ವರ್ಷ ಅಜ್ಜಿ, ಅಂದರೆ ಅಪ್ಪನ ಅಮ್ಮ, ಮೈಸೂರಿನಿಂದ ಬಂದಿದ್ದಳು. ವೀಸಾ ಇರುವಷ್ಟು ದಿನವೂ ನಮ್ಮ ಜೊತೆಗೇ ಇರಬೇಕೆಂದು ಅಪ್ಪ ಹಟ ಹಿಡಿದು ಕರೆಸಿಕೊಂಡಿದ್ದರು. ಅಪ್ಪನಿಗಿಂತ ಹೆಚ್ಚು ಖುಷಿಯಾಗಿದ್ದು ನನಗೆ. ಸ್ಕೂಲ್ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೇರ್‌ನಲ್ಲಿ ಕೂತು ಅಮ್ಮನ ದಾರಿ ಕಾಯುವುದು ತಪ್ಪಿತು. ಮನೆಗೆ ಬಂದರೆ ಒಗ್ಗರಣೆ ಅವಲಕ್ಕಿಯ ಘಮ, ಡ್ರೈವ್‌ವೇ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಚೌಕಾಬಾರದ ಮನೆ, ಆಡಲು ತೇಯ್ದಿಟ್ಟ ಹುಣಸೆ ಬೀಜ. ಅವಳು ಕನ್ನಡದಲ್ಲಿ ಕೇಳುವಳು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುವೆ. "ಏನೇ ಅದು ಟಸ್ಸುಪುಸ್ಸು, ಬಾಯ್ತುಂಬ ಮಾತಾಡು" ಎಂದು ಬೀಜಗಳನ್ನು ಎತ್ತಿಟ್ಟುಬಿಡುವಳು. ಆಟ ಬೇಕಲ್ಲ, ನಾನು ಕನ್ನಡಕ್ಕೆ ಇಳಿಯುತ್ತಿದ್ದೆ. ಇವತ್ತು ಇಷ್ಟಾದರೂ ಬರೆಯುತ್ತಿದ್ದೇನೆಂದರೆ ಅದು ಆ ಹುಣಸೆ ಬೀಜಗಳ ಪುಣ್ಯ.

ತೊಂದರೆ ಶುರುವಾಗಿದ್ದು ಊಟದಿಂದ. ಬೇರೆಯವರು ಸಾಂಬಾರು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಹುಳಿ ಎನ್ನುತ್ತೇವೆ. ಅಜ್ಜಿಗೆ ಹುಳಿ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳು ಮಾಡಿಕೊಂಡು ತಂದಿದ್ದ ಹುಳಿಪುಡಿ ಏರ್‌ಪೋರ್ಟಿನ ತಪಾಸಣೆಯಲ್ಲೇ ಉಳಿದುಹೋಗಿತ್ತು. ಅಂಗಡಿಯ ಪುಡಿ ಮರದ ಹೊಟ್ಟಿನ ಹಾಗಿದೆ ಎಂದಳು, ಇಲ್ಲಿಯ ನೀರಿಗೆ ಬೇಳೆ ಕರಗುವುದಿಲ್ಲ ಎಂದಳು, ಫ್ರೀಜರಿನ ನುಗ್ಗೆಕಾಯಿಯನ್ನು ಹೆಣ ಎಂದೇ ಕರೆದಳು. ಅಮ್ಮ ಮುಖ ಊದಿಸಿಕೊಂಡಳು. ಬರಬರುತ್ತ ಅಜ್ಜಿಯ ಊಟ ಎರಡು ತುತ್ತು ಮೊಸರನ್ನಕ್ಕೆ ಬಂದು ನಿಂತಿತು. ಕೆನ್ನೆ ಒಳಗೆ ಹೋಯಿತು, ಚೌಕಾಬಾರ ನಿಂತಿತು, ಮಾತೂ ಕಡಿಮೆಯಾಯಿತು. ಕೊನೆಗೊಂದು ದಿನ ಟಿಕೆಟ್ ಬದಲಾಯಿಸು, ನಾನು ಊರಿಗೆ ಹೊರಡುತ್ತೇನೆ ಎಂದುಬಿಟ್ಟಳು. ಈಸ್ಟರ್ ಕಳೆಯುವವರೆಗೆ ನೋಡೋಣ ಅಮ್ಮ, ಅಷ್ಟರಲ್ಲಿ ನೀನು ಊಟಕ್ಕೆ ಬಂದರೆ ಸರಿ, ಇಲ್ಲದಿದ್ದರೆ ನಾನೇ ಕಳಿಸುತ್ತೇನೆ ಎಂದು ಅಪ್ಪ ಒಪ್ಪಿಸಿದರು. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಅವಳು ಊಟ ಮಾಡಿದರೆ ಉಳಿಯುತ್ತಾಳೆ, ಮಾಡದಿದ್ದರೆ ಹೋಗುತ್ತಾಳೆ. ನನಗೆ ತಿಳಿದದ್ದು ಇಷ್ಟು.

ಪಕ್ಕದ ಮನೆಯ ಗ್ರೆಗ್ ಅಂಕಲ್ ಪ್ಲಂಬರ್. ಒಂಟಿ ಮನುಷ್ಯ, ಭಾರಿ ಆಳು, ಮೊಣಕೈವರೆಗೆ ಕೆಂಚು ರೋಮ. ನಮ್ಮ ನಲ್ಲಿ ಸೋರಿದರೆ ಕರೆಯುವ ಮುಂಚೆ ಬಂದು ಸರಿಮಾಡಿ ಹೋಗುವವರು. ಅಪ್ಪನ ಮೋಹನ ಎಂಬ ಹೆಸರು ಅವರ ಬಾಯಲ್ಲಿ ಮೋ ಆಗಿತ್ತು, ಅಜ್ಜಿ ಮಮ್ ಆಗಿದ್ದಳು. ಒಂದು ಸಂಜೆ ಬೇಲಿಯಾಚೆಯಿಂದ, ಮಮ್ ಯಾಕೆ ಹೀಗೆ ಸೊರಗಿದ್ದಾರೆ ಎಂದು ಕೇಳಿದರು. ಅಪ್ಪ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡರು. ಹುಳಿ ಎಂದರೆ ಬಿಳಿಯರಿಗೆ ತಿಳಿಯುವುದಿಲ್ಲವಲ್ಲ, ಸಾಂಬಾರ್ ಎಂದರು. ಊರಿನ ಸಾಂಬಾರ್ ಇಲ್ಲದೆ ಅಮ್ಮ ಊಟ ಬಿಟ್ಟಿದ್ದಾಳೆ, ಸರಿಯಾದ ಸಾಂಬಾರ್ ಇಲ್ಲೆಲ್ಲೂ ಸಿಗುವುದಿಲ್ಲ ಎಂದರು. ಗ್ರೆಗ್ ಅಂಕಲ್ ಕೈಲಿದ್ದ ಬಿಯರ್ ಕ್ಯಾನ್ ಕೆಳಗಿಟ್ಟರು.

"ಸ್ಯಾಂಬಾ ಸಿಗಲ್ಲ ಅಂತ ಯಾರಂದಿದ್ದು ಮೋ? ಬೆಟ್ಟದಲ್ಲಿ ನಮ್ಮಣ್ಣನ ಫಾರ್ಮ್ ಇದೆ, ಅಲ್ಲಿ ಬೇಕಾದಷ್ಟಿದೆ. ಈಸ್ಟರ್‌ಗೆ ಎಲ್ಲಾ ಬನ್ನಿ, ಮಮ್‌ಗೆ ನಾನು ಕೊಡಿಸ್ತೀನಿ."

ಮನೆಯಲ್ಲಿ ಚರ್ಚೆಯೋ ಚರ್ಚೆ. ಅಮ್ಮನಿಗೆ ನಂಬಿಕೆಯಿಲ್ಲ, ಬಿಳಿಯರ ಫಾರ್ಮಿನಲ್ಲಿ ಎಂಥ ಸಾಂಬಾರು ಎಂದಳು. ಅಣ್ಣನ ಹೆಂಡತಿ ಶ್ರೀಲಂಕಾದವಳೋ ಏನೋ, ಹಾಗಿದ್ದರೆ ಮಾಡಲೂಬಹುದು ಎಂದು ಅಪ್ಪ ಊಹಿಸಿದರು. ಆ ಹೆಂಡತಿಯನ್ನು ಅಪ್ಪನೇ ಹುಟ್ಟಿಸಿದ್ದು, ಆದರೆ ಎರಡು ದಿನದಲ್ಲಿ ನಾವೆಲ್ಲ ಅವಳನ್ನು ನಂಬಿಬಿಟ್ಟಿದ್ದೆವು. ಅಜ್ಜಿಗೂ ಕುತೂಹಲ ಹುಟ್ಟಿತು. ತೊಗರಿಬೇಳೆಯೋ ಮೈಸೂರುಬೇಳೆಯೋ ಕೇಳು ಎಂದಳು. ಬರಿಗೈಲಿ ಹೋಗಬಾರದೆಂದು ಅಮ್ಮ ಇಡ್ಲಿ ಹಿಟ್ಟು, ಇಡ್ಲಿ ಪಾತ್ರೆ, ಚಟ್ನಿಪುಡಿ, ತುಪ್ಪ ಎಲ್ಲವನ್ನೂ ಕಾರಿಗೆ ತುಂಬಿದಳು.

ಬೆಳಿಗ್ಗೆ ಹೊರಟವರು ಮಧ್ಯಾಹ್ನದವರೆಗೂ ಹೋದೆವು, ಹೋದೆವು, ಹೋಗುತ್ತಲೇ ಇದ್ದೆವು. ಮೊದಲು ಹಸಿರು ಬೆಟ್ಟ ಬಂತು. ಅದನ್ನು ದಾಟಿದ್ದೇ ಮಳೆಯೇ ಬೀಳದ ಸೀಮೆ. ಮಣ್ಣೆಲ್ಲ ಬೂದಿ ಬಣ್ಣ, ಹೊಳೆಯಲ್ಲಿ ಬರೀ ಕಲ್ಲು, ಹುಲ್ಲು ಸುಟ್ಟ ಹಾಗೆ ಹಳದಿ. ನೀಲಗಿರಿ ಮರಗಳು ತೊಗಟೆ ಸುಲಿದುಕೊಂಡು ನಿಂತಿದ್ದವು. ಮರುಭೂಮಿಗೆ ಬೆಟ್ಟ ಹುಟ್ಟಿದರೆ ಹೀಗಿರುತ್ತದೆ ಎಂದರು ಅಪ್ಪ. ದಾರಿಯುದ್ದಕ್ಕೂ ಕಾಂಗರೂಗಳು. ಒಂದು ಎಮು ಬೇಲಿಯ ಪಕ್ಕದಲ್ಲೇ ಕಾರಿನ ಜೊತೆ ಪಂದ್ಯ ಕಟ್ಟಿದ ಹಾಗೆ ಓಡಿತು. ಸತ್ತ ಕಾಂಗರೂ ಮೇಲೆ ಕೂತಿದ್ದ ಹದ್ದು ನನ್ನಷ್ಟೇ ಎತ್ತರವಿತ್ತು, ಹಾರ್ನ್ ಮಾಡಿದರೂ ಏಳಲಿಲ್ಲ. ನಾನು ಕಿಟಕಿಗೆ ಮೂಗು ಒತ್ತಿಕೊಂಡೇ ಇದ್ದೆ. ಅಜ್ಜಿ ಒಂದನ್ನೂ ಸರಿಯಾಗಿ ನೋಡಲಿಲ್ಲ. ಇವಕ್ಕೆಲ್ಲ ನನ್ನ ಬಾಯಲ್ಲಿ ಹೆಸರೇ ಇಲ್ಲವಲ್ಲೇ, ಹೆಸರಿಲ್ಲದ್ದನ್ನು ಏನು ನೋಡಲಿ ಎಂದು ಕಣ್ಣು ಮುಚ್ಚಿಕೊಂಡಳು.

ಫಾರ್ಮಿನಲ್ಲಿ ಗ್ರೆಗ್ ಅಂಕಲ್ ಒಬ್ಬರೇ ಇದ್ದರು. ಅಣ್ಣ ಊರಲ್ಲಿರಲಿಲ್ಲ, ಶ್ರೀಲಂಕಾದ ಅತ್ತಿಗೆಯಂತೂ ಮೊದಲೇ ಇರಲಿಲ್ಲ. ಅಮ್ಮ ಅಡುಗೆಮನೆಗೆ ಹೋಗಿ ಡಬ್ಬಗಳನ್ನೆಲ್ಲ ತೆಗೆದು ನೋಡಿ ಬಂದಳು. ಬೇಳೆಯ ಸುಳಿವಿಲ್ಲ. ಕೇಳಿದರೆ ಅಂಕಲ್ ಗುಟ್ಟಿನ ನಗು ನಕ್ಕು, ಸಂಜೆ ಬಿಸಿಲು ಇಳಿಯಲಿ, ಸಿಗುತ್ತೆ ಎಂದರು. ಬಿಸಿಲಿಗೂ ಸಾಂಬಾರಿಗೂ ಏನು ಸಂಬಂಧ ಎಂದು ಅಮ್ಮ ಅಪ್ಪನನ್ನು ಮೂಲೆಗೆ ಕರೆದು ಕೇಳಿದಳು. ಅಪ್ಪನಿಗೂ ಗೊತ್ತಿರಲಿಲ್ಲ. ಯಾರೋ ಪಕ್ಕದ ಫಾರ್ಮಿನಲ್ಲಿ ಮಾಡುತ್ತಿರಬೇಕು, ತರಲು ಹೋಗಬೇಕು ಎಂದು ತೀರ್ಮಾನವಾಯಿತು. ಅಮ್ಮ ಇಡ್ಲಿ ಬೇಯಿಸಲು ಉಳಿದಳು. ನಾವು ಮೂವರೂ ಅಂಕಲ್‌ರ ಯೂಟ್, ಅಂದರೆ ಹಿಂದೆ ತೆರೆದ ತೊಟ್ಟಿಯಿರುವ ಗಾಡಿ, ಹತ್ತಿದೆವು. ಮುಂದೆ ಅಂಕಲ್, ನಡುವೆ ನಾನು, ಕಿಟಕಿಗೆ ಅಜ್ಜಿ. ಹಿಂದಿನ ತೊಟ್ಟಿಯಲ್ಲಿ ಅಪ್ಪ, ಅವರ ತೊಡೆಯ ಮೇಲೆ ಸಾಂಬಾರಿಗೆಂದು ಒಂದು ಸ್ಟೀಲ್ ಡಬ್ಬಿ. ಸೀಟಿನ ಹಿಂದೆ ಬಂದೂಕಿತ್ತು. ಫಾರ್ಮ್ ಎಂದ ಮೇಲೆ ಇರುತ್ತದೆ ಎಂದುಕೊಂಡೆವು.

ಏರಿಯ ತುದಿಗೆ ಹೋಗಿ ಅಂಕಲ್ ಇಂಜಿನ್ ಆರಿಸಿದರು. ಕೆಳಗಿನ ಒಣ ಹೊಳೆಯ ಗುಂಡಿಯಲ್ಲಿ ಸ್ವಲ್ಪ ನೀರಿತ್ತು. ಅಂಕಲ್ ಬೆರಳು ತೋರಿಸಿ ಪಿಸುಗುಟ್ಟಿದರು. "ಅಗೋ ಮಮ್, ನಿಮ್ಮ ಸ್ಯಾಂಬಾ."

ಕಲ್ಲುಗಳ ನಡುವಿನಿಂದ ಅದು ಹೊರಗೆ ಬಂತು. ಕಡುಗಂದು ಮೈ, ಬೀಸಣಿಗೆಯಂಥ ಕಿವಿ, ತಲೆಯ ಮೇಲೆ ಕವಲು ಕವಲು ಕೊಂಬು. ನನ್ನ ಪಕ್ಕದಲ್ಲಿ ಅಜ್ಜಿ ಸೀಟಿನಿಂದ ಅರ್ಧ ಎದ್ದಳು. "ಕಡವೆ! ಪುಟ್ಟೀ, ಕಡವೆ ಕಣೇ ಇದು!" ಅವಳು ಹುಟ್ಟಿದ್ದು ಗುಂಡ್ಲುಪೇಟೆಯಾಚೆ ಕಾಡಂಚಿನ ಹಳ್ಳಿಯಲ್ಲಿ. ಹುರುಳಿ ಹೊಲಕ್ಕೆ ಕಡವೆ ಬರುವುದನ್ನು ನೋಡುತ್ತ ಬೆಳೆದವಳು. ಮದುವೆಯಾಗಿ ಮೈಸೂರು ಸೇರಿದ ಮೇಲೆ ಕಂಡಿರಲೇ ಇಲ್ಲ. ಅವಳು ನಕ್ಕಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ನನ್ನ ಮೇಲಿಂದ ಕೈ ಚಾಚಿ ಅಂಕಲ್‌ರ ತೋಳನ್ನು ಗಟ್ಟಿಯಾಗಿ ಅದುಮಿದಳು. ಇಷ್ಟು ದೂರ ಕರೆತಂದು ಇದನ್ನು ತೋರಿಸಿದೆಯಲ್ಲಪ್ಪ ಎಂಬುದು ಅವಳ ಅರ್ಥ. ಅಂಕಲ್ ತಿಳಿದದ್ದು ಬೇರೆ. ಅವರೂ ನಕ್ಕು, ಮೆತ್ತಗೆ ಬಾಗಿಲು ತೆಗೆದು, ಬಂದೂಕು ಎತ್ತಿಕೊಂಡು ಇಳಿದರು. ಅದರ ಮೇಲಿದ್ದ ಕೊಳವೆಯನ್ನು ಕಂಡು ದುರ್ಬೀನು ಅಂದುಕೊಂಡೆ ಎಂದು ಅಜ್ಜಿ ಆಮೇಲೆ ಹೇಳಿದಳು.

ಗುಂಡಿನ ಸದ್ದಿಗೆ ಬೆಟ್ಟದ ಬಿಳಿ ಗಿಳಿಗಳೆಲ್ಲ ಒಟ್ಟಿಗೆ ಕಿರುಚಿಕೊಂಡು ಎದ್ದವು. ಕಡವೆ ನಿಂತಲ್ಲೇ ಮಂಡಿಯೂರಿತು, ಬಿತ್ತು.

ಅಜ್ಜಿ ಗಾಡಿಯಿಂದ ಇಳಿದು ಆ ಇಳಿಜಾರಿನಲ್ಲಿ ನಡೆದೇಬಿಟ್ಟಳು. ಸೀರೆ, ಅಪ್ಪನ ಹಳೇ ಜಾಕೆಟ್, ಕಾಲಿಗೆ ಅಮ್ಮನ ಶೂ. ಜಾರೀತೆಂದು ಅಂಕಲ್ ಓಡಿ ಹೋಗಿ ಮೊಣಕೈ ಹಿಡಿದುಕೊಂಡರು. ನಾನೂ ಅಪ್ಪನೂ ಹಿಂದೆಯೇ ಇಳಿದೆವು. ಹತ್ತಿರ ಹೋದವಳು ಕೂತು, ನನ್ನ ಸ್ಕೂಲಿನ ನೀರಿನ ಬಾಟಲಿ ಇಸಿದುಕೊಂಡು, ಕಡವೆಯ ಬಾಯಿಗೆ ಮೂರು ಸಲ ನೀರು ಬಿಟ್ಟಳು. ಮನೆಯವರು ಹೋದಾಗ ಬಿಡುವ ಹಾಗೆ. ಗ್ರೆಗ್ ಅಂಕಲ್ ಹ್ಯಾಟ್ ತೆಗೆದು ನಿಂತರು.

"ಯಾಕಪ್ಪಾ ಹೊಡೆದೆ?" ಎಂದು ಅಜ್ಜಿ ಅವರನ್ನೇ ಕೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ನಿಮಗೋಸ್ಕರ, ನೀವು ಊಟ ಬಿಟ್ಟಿದ್ದೀರಿ, ಊರಿನ ಸ್ಯಾಂಬಾ ಬೇಕು ಅಂತ ಮೋ ಹೇಳಿದ ಎಂದರು. ನಾನು ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಅಪ್ಪ ಡಬ್ಬಿ ಹಿಡಿದುಕೊಂಡೇ ಒಂದು ಕಲ್ಲಿನ ಮೇಲೆ ಕುಸಿದು ಕೂತಿದ್ದರು. ಕಡವೆಗೆ ಇಂಗ್ಲಿಷಿನಲ್ಲಿ ಸಾಂಬಾರ್ ಎನ್ನುತ್ತಾರೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹುಳಿಯನ್ನು ಹುಳಿ ಎಂದೇ ಹೇಳಿದ್ದರೆ ಆ ಕಡವೆ ಅಂದು ಸಂಜೆ ನೀರು ಕುಡಿದು ಹೋಗುತ್ತಿತ್ತು. ಅಪ್ಪ ತಡವರಿಸುತ್ತ ಎಲ್ಲವನ್ನೂ ಅಜ್ಜಿಗೆ ಬಿಡಿಸಿ ಹೇಳಿದರು.

ಅವಳು ಬೈಯಲಿಲ್ಲ. ಬಹಳ ಹೊತ್ತು ಕಡವೆಯ ಕಿವಿ ಸವರುತ್ತ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. "ತುಂಬ ಉಪಕಾರ ಆಯ್ತು ಅಂತ ಹೇಳು ಪುಟ್ಟಿ. ಮೋಹನ, ಇವರಿಗೆ ಈ ವಿಷಯ ಯಾವತ್ತೂ ಹೇಳಕೂಡದು. ಪಾಪ, ನಾನು ಉಣ್ಣಲಿ ಅಂತ ಮಾಡಿದಾರೆ." ನಾನು ಉಪಕಾರವನ್ನು ಮುಟ್ಟಿಸಿದೆ. ಅಂಕಲ್‌ರ ಮುಖ ಕೆಂಪಗಾಯಿತು.

ವಾಪಸು ಬರುವಾಗ ಅವರು ಸ್ಯಾಂಬಾದ ಕಥೆ ಹೇಳಿದರು. ಹಿಂದಿನ ಕಾಲದ ಬಿಳಿಯರು ಬೇಟೆಗೆಂದೇ ಹಡಗಿನಲ್ಲಿ ತಂದು ಕಾಡಿಗೆ ಬಿಟ್ಟಿದ್ದಂತೆ. ಈಗ ಹೊಳೆ ತುಳಿದು ಗಿಡ ತಿಂದು ಹಾಳುಮಾಡುತ್ತವಂತೆ. ಹೊಡೆದರೆ ಎಲ್ಲರಿಗೂ ಒಳ್ಳೆಯದಂತೆ. ಏನಂತೆ ಎಂದು ಅಜ್ಜಿ ಕೇಳಿದಳು. ಹೊರಗಿನಿಂದ ಬಂದು ಕಾಡು ಸೇರಿದ ಇಂಥ ಪ್ರಾಣಿಗೆ ಅಂಕಲ್ ಬಳಸಿದ ಫೆರಲ್ ಎಂಬ ಮಾತಿಗೆ ನನ್ನಲ್ಲಿ ಕನ್ನಡವಿರಲಿಲ್ಲ. ಇಲ್ಲಿ ಅದು ಕೆಟ್ಟದ್ದಂತೆ ಎಂದೆ. ನಮ್ಮೂರಲ್ಲಿ ಹೊಡೆದರೆ ಜೈಲಿಗೆ ಹಾಕುತ್ತಾರೆ ಎಂದಳು ಅಜ್ಜಿ. ಇಬ್ಬರ ನಡುವೆ ಕೂತಿದ್ದ ನನಗೆ ಇಬ್ಬರ ಮಾತೂ ತಿಳಿಯುತ್ತಿತ್ತು, ಏನೂ ತಿಳಿಯುತ್ತಿರಲಿಲ್ಲ. ಅದೇ ಕೊಂಬು, ಅದೇ ಕಿವಿ. ಎಲ್ಲಿಂದ ಎಲ್ಲಿಗೆ ಬಂದಾಗ ಅದು ಕೆಟ್ಟದ್ದಾಯಿತು?

ಮನೆಯಲ್ಲಿ ಇಡ್ಲಿ ಹಬೆಯಾಡುತ್ತಿತ್ತು. ಖಾಲಿ ಡಬ್ಬಿಯನ್ನೂ ಯೂಟಿನಲ್ಲಿದ್ದದ್ದನ್ನೂ ನೋಡಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಜ್ಜಿ ಸ್ನಾನ ಮಾಡಿ ಬಂದು, ಮೇಜಿಗೆ ಕೂತು, ಚಟ್ನಿಪುಡಿ ತುಪ್ಪ ಕಲಸಿಕೊಂಡು ಇಡ್ಲಿ ತಿಂದಳು. ಗ್ರೆಗ್ ಅಂಕಲ್‌ರ ಕಣ್ಣೆದುರಿಗೇ, ಅವರು ನೋಡಲಿ ಎಂದೇ, ಒಂದಾದ ಮೇಲೊಂದು ತಿಂದಳು. ಮಾಂಸ ನಾಳೆ ಪ್ಯಾಕ್ ಮಾಡಿಕೊಡುತ್ತೇನೆ ಎಂದರು ಅವರು, ಆಗಲಪ್ಪ ಎಂದಳು ಇವಳು. ನಾವು ಮಾಂಸ ತಿನ್ನದವರೆಂದು ಅವರಿಗೆ ಗೊತ್ತಿರಲಿಲ್ಲ. ಅದು ನಮ್ಮ ಕಾರಿನಲ್ಲೇ ಬಂತು, ಅಮ್ಮನ ಆಫೀಸಿನವರ ಪಾಲಾಯಿತು.

ಅಂದಿನಿಂದ ಅಜ್ಜಿ ಊಟಕ್ಕೆ ಬಂದಳು, ಟಿಕೆಟಿನ ಮಾತು ಮತ್ತೆ ಎತ್ತಲಿಲ್ಲ, ವೀಸಾ ಮುಗಿಯುವವರೆಗೂ ಇದ್ದಳು. ನನಗೆ ಬೇಕಾಗಿದ್ದದ್ದು ಅದೇ. ಆದರೆ ಹುಳಿ ಬಿಟ್ಟುಬಿಟ್ಟಳು. ಕಾಶಿಗೆ ಹೋದವರು ಪ್ರಿಯವಾದದ್ದೊಂದನ್ನು ಬಿಟ್ಟು ಬರುತ್ತಾರಲ್ಲ, ಹಾಗೆ. ನನ್ನ ನಾಲಿಗೆಗಾಗಿ ಒಂದು ಜೀವ ಹೋಯಿತು, ಇನ್ನು ಈ ನಾಲಿಗೆಗೆ ಅದು ಬೇಡ ಎಂದು ನನ್ನೆದುರು ಒಂದೇ ಸಲ ಅಂದಳು. ಮೈಸೂರಿನ ಮದುವೆಮನೆಗಳಲ್ಲಿ ಹುಳಿಯ ಬಕೆಟ್ ಬಂದರೆ ಎಲೆಗೆ ಕೈ ಅಡ್ಡ ಹಿಡಿದು, ಬಿಟ್ಟಿದ್ದೀನಿ ಎನ್ನುತ್ತಿದ್ದಳು. ಕಾಶಿಯಾತ್ರೆ ಯಾವಾಗ ಆಯಿತು ಎಂದು ಜನ ಕೇಳುತ್ತಿದ್ದರು. ಕಾಶಿಯನ್ನು ನೋಡದೆಯೇ ಅವಳು ತೀರಿಕೊಂಡಳು.

ಹೋದ ವರ್ಷ ಮೆಲ್ಬರ್ನಿಗೆ ಹೋಗಿದ್ದಾಗ ಗ್ರೆಗ್ ಅಂಕಲ್‌ರನ್ನು ನೋಡಲು ಹೋದೆ. ವೃದ್ಧರ ಹೋಮಿನಲ್ಲಿದ್ದಾರೆ. ಆ ಭಾರಿ ಆಳಿಗೆ ಈಗ ಕುರ್ಚಿಯ ಒಂದು ಮೂಲೆ ಸಾಕಾಗುತ್ತದೆ. ನನ್ನ ಹೆಸರು ಸಿಗಲಿಲ್ಲ, ಮಮ್ ಮಾತ್ರ ನೆನಪಿದ್ದರು. ಅವತ್ತು ನಿಮ್ಮಜ್ಜಿ ಹೇಗೆ ನಕ್ಕರು ಎಂದರು. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ತೋರಿಸಿದರು. ಮೈ ಕುಲುಕಿಸಿ ತೋರಿಸಿದರು. ತನ್ನ ಇಡೀ ಜನ್ಮದಲ್ಲಿ ಒಬ್ಬರನ್ನು ಅಷ್ಟು ಸಂತೋಷಪಡಿಸಿದ್ದು ಅದೊಂದೇ ಸಲ ಎಂದರು. ಹೌದು ಅಂಕಲ್ ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಗೊತ್ತಾಗಲಿಲ್ಲ.

ಯಾಕೆಂದರೆ ಆ ನಗು ನನಗೆ ನೆನಪಿಲ್ಲ. ಮೇಲೆ ನಿಮಗೆ ಹೇಳಿದ್ದೆಲ್ಲ ಅಂಕಲ್ ಮಾಡಿ ತೋರಿಸಿದ್ದನ್ನು ನೋಡಿ ಬರೆದದ್ದು. ನಾನು ಆಗ ಕಡವೆಯನ್ನು ನೋಡುತ್ತಿದ್ದೆ, ಅಪ್ಪ ಹಿಂದೆ ತೊಟ್ಟಿಯಲ್ಲಿದ್ದರು. ನಮ್ಮ ಮನೆಯವರಿಗೆ ಉಳಿದಿರುವುದು ಗುಂಡಿನ ಸದ್ದೊಂದೇ. ಅಜ್ಜಿಯ ಮುಖ ನೋಡುತ್ತಿದ್ದವರು ಗ್ರೆಗ್ ಅಂಕಲ್ ಒಬ್ಬರೇ, ಅವರಿಗೂ ಈಗ ದಿನದಿನಕ್ಕೆ ಮರೆವು ಹೆಚ್ಚುತ್ತಿದೆ.