ಮೊದಲ ಕಾಮಾದವರೆಗೆ ಮಾತ್ರ

ಅವನಿಗೆ ತುಂಡ್ರಾಯ ಅಂತ ಹೆಸರಿಟ್ಟವಳು ನಾನೇ. ಆಮೇಲೆ ಇಡೀ ಆಫೀಸೇ ಹಾಗೆ ಕರೆಯೋಕೆ ಶುರುಮಾಡಿತು. ನಮ್ಮದು ಲಿಫ್ಟ್ ರಿಪೇರಿ ಕಂಪನಿ. ಲಿಫ್ಟ್ ಕೆಟ್ಟರೆ ಜನ ಫೋನ್ ಮಾಡ್ತಾರೆ, ನಾನು ಎತ್ತಿಕೊಂಡು ಅವರು ಹೇಳಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಉದ್ದ ಸಾಲಾಗಿ ಟೈಪ್ ಮಾಡ್ತೀನಿ. ಬಿಲ್ಡಿಂಗ್ ಯಾವುದು ಅನ್ನೋದು ಅವರ ಫೋನ್ ನಂಬರಿನಿಂದ ಪರದೆ ಮೇಲೆ ತಾನೇ ಬರುತ್ತೆ. ಗಿರಾಕಿ ಹೇಳಿದ್ದು ಹೇಳಿದ ಹಾಗೇ ಇರಬೇಕು, ಅವರು ಉಸಿರು ತಗೊಂಡ ಕಡೆ ಕಾಮಾ ಹಾಕಬೇಕು, ಸ್ವಂತ ಬುದ್ಧಿ ಉಪಯೋಗಿಸಬಾರದು. ಇದು ಮ್ಯಾನೇಜರ ಹುಕುಂ. ಸ್ವಂತ ಬುದ್ಧಿ ಉಪಯೋಗಿಸೋ ಗುತ್ತಿಗೆಯನ್ನ ಕಂಪನಿ ತುಂಡ್ರಾಯನಿಗೆ ಕೊಟ್ಟಿತ್ತು.

ಅವನು ಗಾಜಿನ ಕೋಣೆಯೊಳಗೆ ಕೂತು ಎಸ್‌ಕ್ಯೂಎಲ್‌ನಲ್ಲಿ ಕ್ವೆರಿ ಬರೀತಾನೆ. ಕ್ವೆರಿ ಅಂದರೆ ಕಂಪ್ಯೂಟರಿಗೆ ಹಾಕೋ ಅಪ್ಪಣೆ, ಅಷ್ಟೇ. ನಾನು ಟೈಪ್ ಮಾಡಿದ ಸಾಲನ್ನ ಆ ಅಪ್ಪಣೆ ಮೊದಲ ಕಾಮಾದ ಹತ್ತಿರ ಕಚಕ್ಕಂತ ಕತ್ತರಿಸುತ್ತೆ. ಮೊದಲಿನ ತುಂಡು ಇಟ್ಟುಕೊಂಡು ಉಳಿದ ಬಾಲವನ್ನ ಬಿಸಾಕುತ್ತೆ. ಆ ತುಂಡಿನಲ್ಲಿ ‘ಬಾಗಿಲು’ ಇದ್ದರೆ ಬಾಗಿಲಿನ ಮೆಕ್ಯಾನಿಕ್ಕಿಗೆ, ‘ಶಬ್ದ’ ಇದ್ದರೆ ಮೋಟಾರಿನವನಿಗೆ, ‘ಸಿಕ್ಕಿಕೊಂಡ’ ಅಂತಿದ್ದರೆ ತುರ್ತು, ಬೈಗುಳ ಇದ್ದರೂ ತುರ್ತು. ಇದ್ಯಾವುದೂ ಇಲ್ಲದಿದ್ದರೆ? ದೂರಿಲ್ಲ ಅಂತ ಅರ್ಥ, ‘ತೃಪ್ತ ಗಿರಾಕಿ’ ಅಂತ ಮುದ್ರೆ ಒತ್ತಿ ಮುಗಿಸು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತಲ್ಲ, ಆ ಜಾತಿ.

ಇವನು ಹುಟ್ಟಿದ್ದೇ ಹೀಗೆ ಅಂತ ಆಮೇಲೆ ಅವನ ತಾಯಿ ನನಗೆ ಹೇಳಿದರು. ಸ್ಕೂಲಿನಲ್ಲಿ ಪ್ರಶ್ನೆಯ ಅರ್ಧ ಓದಿ ಉತ್ತರ ಬರೆದು ಎಲ್ಲರಿಗಿಂತ ಮೊದಲು ಎದ್ದು ಬರ್ತಿದ್ದನಂತೆ. ಪುಣ್ಯಕ್ಕೆ ಪ್ರಶ್ನೆ ಬರೆದವರೂ ಉಳಿದರ್ಧದಲ್ಲಿ ಏನೂ ಇಡ್ತಿರಲಿಲ್ಲ, ಒಳ್ಳೆ ನಂಬರು ಬಂತು. ಮನೆಗೆ ಬಂದ ನೆಂಟರು ಬಾಯಿ ತೆರೆದರೆ ಸಾಕು, “ವಿಷಯ ಏನು?” ಅಂತ ಕೇಳೋನು. ಅಡುಗೆ ಏನು ಮಾಡಲಿ ಅಂತ ತಾಯಿ ಕೇಳಿದರೆ, “ತರಕಾರಿ ಇದ್ದರೆ ತರಕಾರಿ, ಇಲ್ಲದಿದ್ದರೆ ಮೊಟ್ಟೆ, ಅದೂ ಇಲ್ಲದಿದ್ದರೆ ಹೊರಗಿಂದ ತರ್ತೀನಿ” ಅಂತ ಫೋನಿನಿಂದ ತಲೆ ಎತ್ತದೇ ಉತ್ತರ. “ನನ್ನ ಮಗ ತುಂಬ ಬುದ್ಧಿವಂತ ಕಣಮ್ಮ, ಯಾವುದಕ್ಕೂ ತಡ ಮಾಡಲ್ಲ” ಅಂತ ಆಗೆಲ್ಲ ಆ ತಾಯಿ ನೆರೆಯವರ ಹತ್ತಿರ ಹೆಮ್ಮೆಯಿಂದಲೇ ಹೇಳ್ಕೋತಿದ್ದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇನ್ನೇನು ಹೇಳೋದು!

ಕತ್ತರಿ ಕೆಲಸ ಶುರುವಾದ ವಾರದಲ್ಲೇ ನಾನು ಅವನ ಗಾಜಿನ ಬಾಗಿಲು ತಟ್ಟಿದೆ.

“ರೀ, ನಮ್ಮ ಜನ ಯಾರಾದರೂ ಬಂದ ಕೆಲಸ ಮೊದಲೇ ಹೇಳ್ತಾರೇನ್ರೀ? ಚೆನ್ನಾಗಿದ್ದೀರಾ ಅಂತ ಕೇಳ್ತಾರೆ, ಮಕ್ಕಳ ಸುದ್ದಿ ಕೇಳ್ತಾರೆ, ಬಿಸಿಲು ಜಾಸ್ತಿ ಅಂತಾರೆ, ಎದ್ದು ಹೊರಡೋ ಹೊತ್ತಿಗೆ ಬಾಗಿಲ ಹತ್ತಿರ ನಿಂತು ‘ಅಂದಹಾಗೆ’ ಅಂತಾರೆ. ವಿಷಯ ಇರೋದು ಆ ಅಂದಹಾಗೆಯಲ್ಲಿ. ನೀವು ಅದನ್ನೇ ಕತ್ತರಿಸಿ ಬಿಸಾಕ್ತಿದ್ದೀರಿ.”

“ಮುಖ್ಯವಾದದ್ದನ್ನ ಯಾರೂ ಕೊನೆಗೆ ಹೇಳಲ್ಲ ಮೇಡಂ” ಅಂದ, ಪರದೆಯಿಂದ ಕಣ್ಣು ತೆಗೀದೆ.

“ಹೋದ ತಿಂಗಳು ನೀವು ಮ್ಯಾನೇಜರ ಹತ್ತಿರ ರಜೆ ಕೇಳಿದ್ದು ಹೇಗೆ? ಅವರ ಬೆನ್ನು ನೋವು ವಿಚಾರಿಸಿದಿರಿ, ಅವರ ಹೊಸ ಕಾರು ಹೊಗಳಿದಿರಿ, ಮಗಳ ಪರೀಕ್ಷೆ ಕೇಳಿದಿರಿ. ನಾನು ಹೊರಗೆ ಕೂತು ಎಲ್ಲ ಕೇಳಿಸ್ಕೊಂಡೆ. ರಜೆ ಅನ್ನೋ ಮಾತು ಬಂದಿದ್ದು ಟೀ ಮುಗಿದ ಮೇಲೆ.”

“ಅದು ಬೇರೆ” ಅಂದ. ಇಂಥವರ ಪ್ರಪಂಚದಲ್ಲಿ ತಮ್ಮದು ಯಾವಾಗಲೂ ಬೇರೆ. “ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ ಅದಕ್ಕೆ ಏರ್ಪಾಡು ಮಾಡಿದ್ದೀನಿ, ನೀವು ತಲೆ ಕೆಡಿಸ್ಕೋಬೇಡಿ.” ಏರ್ಪಾಡು ಇತ್ತು, ಸುಳ್ಳಲ್ಲ. ಕತ್ತರಿಸಿ ಬಿಸಾಕಿದ ಮೇಲೆ ಕೈಯಲ್ಲಿ ಉಳಿದ ತುಂಡಿನೊಳಗೆ ಹುಡುಕೋ ಏರ್ಪಾಡು ಅದು. ಅದನ್ನ ಮಾತ್ರ ಆ ಮಹಾಶಯ ನನಗೆ ಹೇಳಲಿಲ್ಲ.

ಆಮೇಲೆ ನಡೆದ ನಾಟಕ ನೋಡಬೇಕಿತ್ತು. ಫೋನ್ ಎತ್ತಿದ ಕೂಡಲೇ “ಏಯ್ ದರಿದ್ರದವ್ರಾ” ಅಂತ ಶುರುಮಾಡೋರ ಮನೆಗೆ ಬರೀ ಬಲ್ಬು ಹೋಗಿದ್ದರೂ ಮೆಕ್ಯಾನಿಕ್ ಓಡಿದ. “ನಮಸ್ಕಾರ ಅಮ್ಮ, ನಿಮಗೆ ತೊಂದರೆ ಕೊಡ್ತಿದ್ದೀನಿ” ಅಂದವರು ಮೆಟ್ಟಿಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಅದನ್ನ ನಮ್ಮ ಕಂಪನಿ ಕಾನೂನೇ ಮಾಡಿಬಿಟ್ಟಿತು. ಮ್ಯಾನೇಜರಿಗೆ ಮಾತ್ರ ಆನಂದವೋ ಆನಂದ. ತೃಪ್ತ ಗಿರಾಕಿಗಳ ಸಂಖ್ಯೆ ಹೊಳೆಯ ನೀರಿನ ಹಾಗೆ ಏರ್ತಾ ಇತ್ತು. ನಾನು ಹೇಳೋಕೆ ಹೋದರೆ, “ನಿಮಗೆ ಒಳ್ಳೇದು ಕಂಡರೆ ಆಗಲ್ವಾ?” ಅಂತ ನನ್ನನ್ನೇ ಕೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೂ ಕೈ ನೋವು ಬಂತು, ಸುಮ್ಮನಾದೆ.

ಈಗ ತುಂಡ್ರಾಯನ ಮನೆ ವಿಷಯ. ತಾಯಿ ಮಗ ಇಬ್ಬರೇ, ಐದನೇ ಮಹಡಿ. ಎದುರು ಬಿಲ್ಡಿಂಗಿನ ನೆಲಮಹಡಿಯಲ್ಲಿ ತಾಯಿಯ ಅಕ್ಕ, ಅಂದರೆ ಇವನ ದೊಡ್ಡಮ್ಮ. ತಾಯಿ ಕೆಲಸಕ್ಕೆ ಹೋಗ್ತಿದ್ದ ಕಾಲದಲ್ಲಿ ಇವನನ್ನ ಕಂಕುಳಲ್ಲಿ ಇಟ್ಟುಕೊಂಡು ಸಾಕಿದವಳು ಅವಳೇ. ಈಗ ಹಾಸಿಗೆ ಹಿಡಿದಿದ್ದಳು. ನೋಡ್ಕೊಳ್ಳೋಕೆ ಒಬ್ಬ ನರ್ಸ್ ಇದ್ದರೂ ತಂಗಿ ಕೈಯಿಂದ ಬಿಟ್ಟರೆ ಬೇರೆಯವರ ಕೈಯಿಂದ ತುತ್ತು ತಗೊಳ್ತಿರಲಿಲ್ಲ. ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದರು. ದೊಡ್ಡಮ್ಮನಿಗೆ ಇದ್ದದ್ದು ಒಂದೇ ಆಸೆ, ಹೋಗೋ ಹೊತ್ತಿನಲ್ಲಿ ತಂಗಿ ಪಕ್ಕದಲ್ಲಿ ಇರಬೇಕು. “ಇರ್ತೀನಿ ಕಣೇ ಅಕ್ಕ, ಎಲ್ಲಿ ಹೋಗ್ಲಿ ನಾನು” ಅಂತ ಇವರು ಮಾತು ಕೊಟ್ಟಿದ್ದರು. ಇವರದ್ದೋ ಸವೆದ ಮಂಡಿ, ಮೆಟ್ಟಿಲು ಇಳಿಯೋ ಹಾಗಿಲ್ಲ. ಅಕ್ಕನಿಗೂ ತಂಗಿಗೂ ಮಧ್ಯೆ ಇದ್ದದ್ದು ಆ ಲಿಫ್ಟ್ ಒಂದೇ.

ಆ ಲಿಫ್ಟಿನ ರಿಪೇರಿ ನಮ್ಮ ಕಂಪನಿಯದ್ದೇ. ಅದು ಮೂರನೇ ಮಹಡಿ ಹತ್ತಿರ ಜಗ್ಗೋಕೆ ಶುರುವಾಯ್ತು. ತಾಯಿ ಮಗನಿಗೆ ಹೇಳಿದರು. ನಮ್ಮ ಹರಿಶ್ಚಂದ್ರ ಏನಂದ ಗೊತ್ತಾ? “ಮನೆಯವರು ಅಂತ ಒಳದಾರಿ ಬೇಡಮ್ಮ. ಎಲ್ಲರ ಹಾಗೆ ಫೋನ್ ಮಾಡಿ ದೂರು ಕೊಡು. ನನ್ನ ಹೆಸರು ಹೇಳಬೇಡ.” ದೀಪದ ಬುಡದಲ್ಲಿ ಕತ್ತಲೆ ಇರೋದು ಗೊತ್ತು, ದೀಪವೇ ಎದೆಯುಬ್ಬಿಸಿ ಆ ಕತ್ತಲೆಗೆ ಅರ್ಜಿ ಹಾಕು ಅಂದಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ತಾಯಿ ಫೋನ್ ಮಾಡಿದರು. ಎತ್ತಿದವಳು ನಾನು, ಯಾರ ತಾಯಿ ಅಂತ ನನಗೇನು ಗೊತ್ತು? “ನೀವೆಲ್ಲ ನೂರ್ಕಾಲ ಚೆನ್ನಾಗಿರಬೇಕು ಮಗಳೇ, ಬಿಸಿಲಲ್ಲಿ ಓಡಾಡ್ತೀರ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅಂದಹಾಗೆ ನಮ್ಮ ಲಿಫ್ಟ್ ಸ್ವಲ್ಪ ಜಗ್ಗುತ್ತೆ, ಪುರುಸೊತ್ತಾದಾಗ ಯಾರನ್ನಾದರೂ ಕಳಿಸು.” ಹೇಳಿದ ಹಾಗೇ ಟೈಪ್ ಮಾಡಿದೆ. ಕತ್ತರಿ ತನ್ನ ಕೆಲಸ ಮಾಡಿತು. ಮುಂದಿನ ಸೋಮವಾರ ಆಫೀಸಿನ ಬಾಗಿಲಿನ ಎದುರಿಗೇ ದೊಡ್ಡ ಬೋರ್ಡು: ‘ನೀವೆಲ್ಲ ನೂರ್ಕಾಲ ಚೆನ್ನಾಗಿರಬೇಕು ಮಗಳೇ — ತೃಪ್ತ ಗಿರಾಕಿಯೊಬ್ಬರು’. ಮ್ಯಾನೇಜರು ಅದರ ಕೆಳಗೆ ನಿಂತು ಫೋಟೋ ತೆಗೆಸ್ಕೊಂಡರು. ಪಕ್ಕದಲ್ಲಿ ತುಂಡ್ರಾಯ, ಅವನ ಹೆಗಲ ಮೇಲೆ ಅವರ ಕೈ. ತನ್ನ ತಾಯಿಯ ಮಾತಿನ ಕೆಳಗೆ ನಿಂತು ಹಲ್ಲು ಕಿಸೀತಿದ್ದಾನೆ ಅಂತ ಆ ಪುಣ್ಯಾತ್ಮನಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮತ್ತೆ ಅದೇ ದನಿ. ಆವತ್ತು ಫೋನ್ ಮೇಲೆ ಫೋನ್ ಬರ್ತಿತ್ತು, ಕೆಳಗಿಡೋಕೆ ಬಿಡುವಿರಲಿಲ್ಲ.

“ಊಟ ಆಯ್ತಾ ಮಗಳೇ, ಹೋದ ಸಲ ಬರ್ಕೊಂಡವಳು ನೀನೇ ಅಲ್ವಾ, ದನಿ ಗುರುತು ಸಿಕ್ಕಿತು, ಒಂದು ಸಣ್ಣ ತೊಂದರೆ ಆಗಿದೆ, ನಾನು ಲಿಫ್ಟ್ ಒಳಗೇ ಸಿಕ್ಕಿಕೊಂಡಿದ್ದೀನಿ, ಅದು ನಿಂತುಬಿಟ್ಟಿದೆ, ನಮ್ಮಕ್ಕನಿಗೆ ಮೇಲುಸಿರು ಬರ್ತಿದೆ ಅಂತ ನರ್ಸ್ ಫೋನ್ ಮಾಡಿದ್ದಳು, ಬೇಗ ಆದರೆ ಒಳ್ಳೇದಿತ್ತು.”

“ಈಗಲೇ ಬರ್ತಾರಮ್ಮ, ಹೆದರಬೇಡಿ” ಅಂದೆ. ಟೈಪ್ ಮಾಡಿದೆ, ಒತ್ತಿದೆ. ಏರ್ಪಾಡಿದೆ ಅಂತ ನಂಬಿದ್ದೆ. ಮೆಕ್ಯಾನಿಕ್ಕುಗಳಿಗೆ ನಾವು ನೇರ ಫೋನ್ ಮಾಡೋ ಹಾಗಿರಲಿಲ್ಲ, ಅವರ ಮೊಬೈಲಿಗೆ ಕೆಲಸ ಹೋಗೋದು ಕ್ವೆರಿಯಿಂದಲೇ. ಮುಂದಿನ ಫೋನ್ ಎತ್ತಿದೆ, ಅದರ ಮುಂದಿನದು ಎತ್ತಿದೆ.

ಬಹಳ ಹೊತ್ತಿನ ಮೇಲೆ ಮತ್ತೆ ಅವರೇ. ದನಿ ಸಣ್ಣಗಾಗಿತ್ತು. “ಬೇಜಾರು ಮಾಡ್ಕೋಬೇಡ ಮಗಳೇ, ಪದೇ ಪದೇ ಪೀಡಿಸ್ತಿದ್ದೀನಿ, ಯಾರೂ ಬರಲಿಲ್ಲ. ಮಗ ಫೋನ್ ಎತ್ತುತ್ತಿಲ್ಲ, ಕೆಲಸದಲ್ಲಿರ್ತಾನೆ ಪಾಪ. ಅಲ್ಲಿ ಅಕ್ಕ ನನ್ನನ್ನೇ ಕೂಗ್ತಿದ್ದಾಳಂತೆ.”

ಪರದೆ ಮೇಲೆ ನೋಡಿದೆ. ‘ಊಟ ಆಯ್ತಾ ಮಗಳೇ. ತೃಪ್ತ ಗಿರಾಕಿ. ಮುಗಿದಿದೆ.’

ಗಾಜಿನ ಬಾಗಿಲನ್ನ ತಟ್ಟಲಿಲ್ಲ, ಒದ್ದೆ. “ಥೂ ನಿಮ್ಮ ಕತ್ತರಿಗೆ ಬೆಂಕಿ ಬೀಳ! ಒಬ್ಬರು ವಯಸ್ಸಾದವರು ಲಿಫ್ಟಿನಲ್ಲಿ ಸಿಕ್ಕಿಹಾಕ್ಕೊಂಡು ಕೂತಿದ್ದಾರೆ. ನಿಮ್ಮ ಕಂಪ್ಯೂಟರ್ ಅವರಿಗೆ ತೃಪ್ತಿ ಆಗಿದೆ ಅಂತಿದೆ!”

“ಸಮಾಧಾನ ಮೇಡಂ. ವಿಷಯ ಏನು, ಯಾವ ಬಿಲ್ಡಿಂಗ್, ಅಷ್ಟು ಮಾತ್ರ ಹೇಳಿ” ಅಂದ.

ಹೇಳಿದೆ. ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನ್ ತಿರುಗಿಸಿ ನೋಡಿದ, ಅಮ್ಮ, ಅಮ್ಮ, ಅಮ್ಮ. “ಅದು ನಮ್ಮಮ್ಮ” ಅಂದವನು ಚಪ್ಪಲಿ ಕೂಡ ಮೆಟ್ಟದೇ ಓಡಿದ. ಹಿಂದೆ ನಾನು, ಹೊರಗೆ ಟೀ ಕುಡೀತಿದ್ದ ಇಬ್ಬರು ಮೆಕ್ಯಾನಿಕ್ಕುಗಳು. ಇಷ್ಟು ಹೊತ್ತೂ ಅವರು ಅಲ್ಲೇ ಕೈ ಖಾಲಿ ಕೂತಿದ್ದರು.

ಲಿಫ್ಟನ್ನ ಕೆಳಗಿಳಿಸಿ ಬಾಗಿಲು ತೆಗೆಯೋದಕ್ಕೆ ಅವರಿಗೆ ಒಂದು ಟೀ ಕುಡಿಯೋಷ್ಟು ಹೊತ್ತೂ ಬೇಕಾಗಲಿಲ್ಲ. ತಾಯಿ ನೆಲದ ಮೇಲೆ ಕೂತಿದ್ದರು. ಮಗನ ಕೈ ಹಿಡಿದು ಎದ್ದರು, ಮೆಕ್ಯಾನಿಕ್ಕುಗಳಿಗೆ “ಪುಣ್ಯ ಬರಲಿ ಕಣಪ್ಪ” ಅಂದರು, ಕಾಲೆಳೆದುಕೊಂಡು ರಸ್ತೆ ದಾಟಿದರು. ಎದುರು ಮನೆ ಬಾಗಿಲಲ್ಲಿ ನರ್ಸ್ ನಿಂತಿದ್ದಳು. “ಈಗಷ್ಟೇ ಹೋಗಿಬಿಟ್ಟರು” ಅಂದಳು. ತಾಯಿ ಒಳಗೆ ಹೋಗಿ ಅಕ್ಕನ ಪಕ್ಕ ಕೂತು ಕೂದಲು ಸರಿಮಾಡಿದರು. “ಬಂದೆ ಕಣೇ, ಬಂದೆ” ಅಂತ ಅದೊಂದನ್ನೇ ಹೇಳ್ತಿದ್ದರು. ನಾನು ಬಾಗಿಲಿಗೆ ಒರಗಿ ಅತ್ತುಬಿಟ್ಟೆ.

ಇನ್ನಾದರೂ ಅವನಿಗೆ ಬುದ್ಧಿ ಬಂತು ಅಂದುಕೊಂಡೆ. ಬಂತು, ನಾಲ್ಕು ದಿನ. ಕಾಮಾ ಕಿತ್ತುಹಾಕಿ ಇಡೀ ಸಾಲು ಹುಡುಕೋ ಹಾಗೆ ಕ್ವೆರಿ ತಿದ್ದಿದ. ತೃಪ್ತ ಗಿರಾಕಿಗಳು ದಬದಬನೆ ಉದುರಿ ದೂರುಗಳಾದರು. ಮ್ಯಾನೇಜರು ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಏನೇನೋ ಕೂಗಿದರು. ಸಂಜೆಯೊಳಗೆ ಕಾಮಾ ವಾಪಸ್ ಬಂತು, ತೃಪ್ತಿಯೂ ವಾಪಸ್ ಬಂತು. ಎಲ್ಲಕ್ಕಿಂತ ಮೇಲೆ ಒಂದೇ ಒಂದು ಹೊಸ ಸಾಲು ಸೇರಿತ್ತು: ದೂರು ಬಂದಿದ್ದು ಈ ಬಿಲ್ಡಿಂಗಿನಿಂದ ಆದರೆ, ಏನೇ ಬರೆದಿರಲಿ, ತುರ್ತು. ಯಾವ ಬಿಲ್ಡಿಂಗ್ ಅಂತ ಹೇಳಬೇಕಾ? ಒಳದಾರಿ ಬೇಡ ಅಂದ ಹರಿಶ್ಚಂದ್ರನ ಬಿಲ್ಡಿಂಗು.

ತಾಯಿ ಅಷ್ಟರಲ್ಲಿ ಅಕ್ಕನ ಮನೆಗೇ ಬಂದು ಇದ್ದುಬಿಟ್ಟಿದ್ದರು. ಒಂದು ಭಾನುವಾರ ಮಾತಾಡಿಸೋಕೆ ಹೋದೆ. ಅವನು ಸ್ಕೂಲಿನಲ್ಲಿ ಹೇಗಿದ್ದ ಅಂತೆಲ್ಲ ಹೇಳಿದ್ದು ಆವತ್ತೇ. ಮಾತು ನಡೀತಿದ್ದಾಗ ಮಗರಾಯ ಬಂದ. ಮುಖ ಅರಳಿತ್ತು.

“ಅಮ್ಮಾ, ಮೇಲಕ್ಕೆ ಬಂದುಬಿಡು. ಲಿಫ್ಟ್ ಸರಿಹೋಗಿದೆ. ಕ್ವೆರಿಯಲ್ಲೂ ನಮ್ಮ ಬಿಲ್ಡಿಂಗನ್ನ ಎಲ್ಲಕ್ಕಿಂತ ಮೇಲೆ ಹಾಕಿದ್ದೀನಿ. ಇನ್ನು ನೀನು ಏನೇ ಹೇಳು, ಹೇಗೇ ಹೇಳು, ಮೆಕ್ಯಾನಿಕ್ ಓಡಿ ಬರ್ತಾನೆ.”

ತಾಯಿ ಅಕ್ಕನ ಸೀರೆಗಳನ್ನ ಮಡಿಸ್ತಿದ್ದರು. “ಬೇರೆಯವರು ಫೋನ್ ಮಾಡಿದರೆ?” ಅಂತ ಕೇಳಿದರು.

“ಅದು ಮೊದಲಿನ ಹಾಗೇ ಇದೆ. ಮ್ಯಾನೇಜರು ಒಪ್ಪಲಿಲ್ಲಮ್ಮ.”

“ಅವರಿಗೂ ಅಕ್ಕಂದಿರು ಇರ್ತಾರಲ್ಲೋ.”

“ಹಾಗಲ್ಲಮ್ಮ, ಅದು ಹೇಗೆ ಅಂದರೆ—”

“ಎದ್ದು ಹೋಗು” ಅಂದರು ಆ ತಾಯಿ. ದನಿ ಏರಿಸಲಿಲ್ಲ. “ನಿನ್ನ ಮುಖ ನೋಡಿದರೆ ನನಗೆ ಅಕ್ಕ ಕೂಗಿದ್ದು ಕೇಳಿಸುತ್ತೆ.”

ತುಂಡ್ರಾಯ ನನ್ನ ಕಡೆ ನೋಡಿದ, ನಾನು ಗೋಡೆ ನೋಡಿದೆ. ತಾಯಿ ಇನ್ನೊಂದು ಸೀರೆ ತೆಗೆದು, ಇನ್ನೊಂದು ತುದಿ ಹಿಡ್ಕೋ ಅಂತ ನನ್ನ ಕೈಗೆ ಕೊಟ್ಟರು.