ರಕ್ಷಿತ ಗುಡಿಯಲ್ಲಿ ನೀಲವ್ವನ ದೀಪ

ಹಳೆಯ ಕಲ್ಲುಗುಡಿಯೊಳಗೆ ಕಾಲಿಟ್ಟರೆ ನನಗೆ ಭಕ್ತಿಗಿಂತ ಮೊದಲು ಬರುವುದು ನಿದ್ದೆ. ಸಿಂದಗಿ ಸೀಮೆಯ ಬೇಸಿಗೆ ಉಂಡವರು ಇದನ್ನು ಪಾಪವೆನ್ನಲಾರರು. ಯಂಕಂಚಿಯ ಆಚೆ ನಮ್ಮೂರ ಹೊಲಗಳ ನಡುವೆ ಅಂಥದೊಂದು ಪುಟ್ಟ ಗುಡಿಯಿತ್ತು. ಒಬ್ಬ ಪಂಡಿತರು ಚಾಲುಕ್ಯರದೆಂದರೆ ಇನ್ನೊಬ್ಬರು ಕಳಚುರಿಗಳದೆನ್ನುತ್ತಿದ್ದರು. ನಮ್ಮ ಸೋದರತ್ತೆ ನೀಲವ್ವನಿಗೆ ಮಾತ್ರ ಅದು ತನ್ನದೇ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಶುಭಕಾರ್ಯಗಳಲ್ಲಿ ಅವಳನ್ನು ಹಿಂದೆ ಸರಿಸಿದವರುಂಟು. ಆ ಗುಡಿಯಲ್ಲಿ ದೀಪ ಹಚ್ಚಬೇಡವೆಂದು ಮಾತ್ರ ಯಾರೂ ಅಂದಿರಲಿಲ್ಲ.

ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯದವರಾದ ಮೇಲೆ ಅಲ್ಲಿ ನೀಲಿ ಫಲಕವೊಂದು ನಿಂತಿತು: ರಕ್ಷಿತ ಸ್ಮಾರಕ, ಕೆಡಿಸಿದವರಿಗೂ ಕದಲಿಸಿದವರಿಗೂ ಶಿಕ್ಷೆ. ಬಾಗಿಲಿಗೆ ಕಬ್ಬಿಣದ ಜಾಲರಿ ಬಂತು, ಬೀಗ ಬಂತು, ಕಾವಲಿಗೆ ನಮ್ಮೂರ ಮಹಿಬೂಬಸಾಬ ಬಂದ. ಮಸಿ ಹತ್ತಿ ಕಲ್ಲು ಕೆಡುತ್ತದೆ, ದೀಪ ಕೂಡದು ಎಂದು ಅಪ್ಪಣೆಯಾಯಿತು. ಅತ್ತೆ ಕೇಳಲಿಲ್ಲ. ಅವನು ಬೀಗ ತೆಗೆದು ಕಸ ಹೊಡೆಯುವಾಗ ಒಳಹೊಕ್ಕು ಹಚ್ಚುವಳು; ಅವನು ಆಗ ದೂರದ ಎಮ್ಮೆಗಳನ್ನು ಬಹಳ ಆಸಕ್ತಿಯಿಂದ ನೋಡುವನು.

ಒಂದು ಮಧ್ಯಾಹ್ನ ಅತ್ತೆ ಕಂಬದ ಮರೆಯಲ್ಲಿ ಮಲಗಿಬಿಟ್ಟಿದ್ದಳು. ನಿದ್ದೆ ನಮ್ಮ ವಂಶದ್ದು. ದೀಪ ಹಚ್ಚಿ ಮನೆಗೆ ಹೋಗಿರಬೇಕೆಂದುಕೊಂಡ ಮಹಿಬೂಬಸಾಬ ಬೀಗ ಜಡಿದು ಊಟಕ್ಕೆ ಹೋದ. ಅಷ್ಟರಲ್ಲಿ ಪುರಾತತ್ವ ಇಲಾಖೆಯ ಸಾಹೇಬರ ಜೀಪು ಬಂತು. ಊರವರೆಲ್ಲ ಹಿಂದೆಯೇ ಓಡಿದೆವು. ಬೀಗದೊಳಗೆ ಉರಿಯುವ ದೀಪ, ಪಕ್ಕದಲ್ಲಿ ಅತ್ತೆ!

“ಇವರನ್ನು ಒಳಗೆ ಬಿಟ್ಟವರು ಯಾರು?” ಸಾಹೇಬರು ಗುಡುಗಿದರು. ಓಡಿಬಂದ ಮಹಿಬೂಬಸಾಬ ಕೀಲಿಗಾಗಿ ಕಿಸೆ ತಡಕಿದ. ನೌಕರಿ ಹೋದರೆ ಮನೆಮಂದಿಯ ರೊಟ್ಟಿ ಹೋದಂತೆ.

“ಅವನ್ನ್ಯಾಕ ಬೈತೀರಿ? ನಾನ ಕಣ್ಣ ತಪ್ಪಿಸಿ ಬಂದೇನ್ರಿ,” ಎಂದಳು ಅತ್ತೆ.

ಬೀಗ ತೆಗೆಸಿದ ಸಾಹೇಬರು, “ಹೊರಗೆ ಬನ್ನಿ,” ಎಂದರು.

“ಬರೂದಿಲ್ರಿ. ಹಳೀದನ್ನ ಕದಲಿಸಿದ್ರ ಶಿಕ್ಷಾ ಅಂತ ನೀವ ಬರಸೀರಿ. ಕಂಬಕ್ಕ ಒಂದು ಕಾಯ್ದೆ, ನನಗೊಂದು ಏನ್ರಿ?”

ಊರು ನಕ್ಕಿತು. ಸಾಹೇಬರು ನಗಲಿಲ್ಲ. “ಕಲ್ಲು ಹಾಳಾಗುತ್ತದಮ್ಮ,” ಎಂದರು, ದನಿ ಇಳಿಸಿ.

“ಮಸಿ ನಾ ಒರಸ್ತೇನಿ. ಆದರ ದೀಪ ಬಿಡಂಗಿಲ್ಲ. ಆಚಿ ಹೊಲದಾಗ ಇಂಥಾದ ಇನ್ನೊಂದು ಗುಡಿ ಇತ್ರಿ. ದೀಪ ಹಚ್ಚವ್ರು ಇಲ್ಲದಂಗಾತು, ಅದರ ಕಲ್ಲು ಬಾವಿ ಕಟ್ಟಾಕ ಹೋದುವು.”

ಸಾಹೇಬರು ಕಂಬದ ಮೇಲಿನ ಮಸಿಯನ್ನು ಬೆರಳಿನಿಂದ ಒರೆಸಿ ನೋಡಿದರು. ಕೊನೆಗೆ, ಬೇಕಾದರೆ ಹೊರಗಿನ ಕಟ್ಟೆಯ ಮೇಲೆ ಹಚ್ಚಿಕೊಳ್ಳಲಿ ಎಂದು ಹೇಳಿ ಜೀಪು ಹತ್ತಿದರು. ಮಹಿಬೂಬಸಾಬನ ನೌಕರಿ ಉಳಿಯಿತು. ಅವನಿಗಾಗಿ ಅತ್ತೆ ಹೊರಗೇ ಹಚ್ಚತೊಡಗಿದಳು. ಬಯಲುಗಾಳಿ ನಿಲ್ಲಗೊಡಲಿಲ್ಲ, ಸೆರಗು ಮರೆಮಾಡಿ ಕುಳಿತರೂ ದೀಪ ದಿನವೂ ಆರುತ್ತಿತ್ತು.

ನೋಡಿ ನೋಡಿ ಒಂದು ಸಂಜೆ ಮಹಿಬೂಬಸಾಬನೇ ಜಾಲರಿ ತೆರೆದ. “ಒಳಗ ಬಾರಬೇ ಯವ್ವಾ.”

“ಸಾಹೇಬ್ರು ಕೇಳಿದ್ರ?”

“ಕೇಳಲಿ ಬಿಡು. ನನ್ನ ಕಾಯಾಕ ಇಟ್ಟಾರ. ದೀಪಾನೂ ಕಾಯ್ತೇನಿ.”

ಹೀಗೆ ನಮ್ಮೂರಿನಲ್ಲಿ ಕಾಯ್ದೆ ಮುರಿದವರು ಇಬ್ಬರಾದರು. ಗುಡಿಯೊಂದನ್ನು ಅವರಷ್ಟು ಚೆನ್ನಾಗಿ ಕಾಯ್ದವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.