ಅಪ್ಪ ಅಳತೆ ತೆಗೆಯದ ಕಾಲು

ಹೋದ ವಾರ ರಾಯಚೂರಿನ ಒಂದು ದೊಡ್ಡ ಬೂಟಿನ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಗೋಡೆಯ ತುಂಬ ದೀಪ. ಅಂಗಡಿಯವರು "ನಂಬರ್ ಎಷ್ಟ್ರೀ ಸರ್?" ಎಂದರು. ನನಗೆ ಗೊತ್ತಿರಲಿಲ್ಲ. ಐವತ್ತರ ಹತ್ತಿರ ಬಂದವನು, ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಯಾವ ರಾಜನ ನಂತರ ಯಾವ ರಾಜ ಎಂದು ನಿದ್ದೆಗಣ್ಣಲ್ಲೂ ಒಪ್ಪಿಸುವವನು, ಸ್ವಂತ ಕಾಲಿನ ನಂಬರು ಕೇಳಿದರೆ ತಲೆ ಕೆರೆದುಕೊಂಡೆ. ಅವರು ನಕ್ಕು ನಾಲ್ಕು ಡಬ್ಬಿ ತಂದು ಬಿಚ್ಚಿದರು. ಹೊಸ ತೊಗಲಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಆ ಅಂಗಡಿಯಲ್ಲಿ ಇರಲೇ ಇಲ್ಲ. ಮಾನ್ವಿಯ ನಮ್ಮ ಮನೆಯಲ್ಲಿ, ಅಪ್ಪನ ಎದುರು ಕೂತಿದ್ದೆ.

ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ನಂಬರು ಗಿಂಬರು ಅವನಿಗೆ ಗೊತ್ತಿಲ್ಲ. ಬಂದವರನ್ನು ಬರಿಗಾಲಲ್ಲಿ ರಟ್ಟಿನ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದ. ಒಮ್ಮೆ ಗೆರೆ ಎಳೆದರೆ ಮುಗಿಯಿತು, ಹತ್ತು ವರ್ಷದ ಮೇಲೆ ಅದೇ ಮನುಷ್ಯ ಬಂದರೂ ಹೆಸರು ಮರೆತಿರುತ್ತಿದ್ದ, ಪಾದ ಮರೆಯುತ್ತಿರಲಿಲ್ಲ. ಇನ್ನೊಂದು ರೂಢಿ ಇತ್ತು. ಯಾರೇ ಬರಲಿ, ಮೊದಲು ಅವರ ಹಳೆಯ ಚಪ್ಪಲಿಯನ್ನು ಮಗುಚಿ ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡುತ್ತಿದ್ದ. "ಮನಷ್ಯಾ ಸುಳ್ಳು ಹೇಳ್ತಾನ, ಅಟ್ಟಿ ಹೇಳಂಗಿಲ್ಲ" ಎನ್ನುತ್ತಿದ್ದ. ಒಮ್ಮೆ ಪೋತ್ನಾಳದ ಗೌಡರೊಬ್ಬರಿಗೆ "ಎಡಗಾಲಾಗ ಮುಳ್ಳು ಮುರದು ಒಳಗ ಉಳದದ್ರೀ, ತಗಸ್ಕೋರಿ" ಎಂದ. ಅವರು ನಕ್ಕು ಹೋದರು, ಎಂಟು ದಿನಕ್ಕೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ತಿರುಗಿ ಬಂದರು. ಇಂಥ ಅಪ್ಪನ ಕಸುಬೇನೆಂದು ಶಾಲೆಯಲ್ಲಿ ಕೇಳಿದರೆ ನಾನು "ವ್ಯಾಪಾರ" ಎನ್ನುತ್ತಿದ್ದೆ. ಆ ಮಾತು ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನಕ್ಕ ಹುಲಿಗೆಮ್ಮನ ಕಾಲು ಚಿಕ್ಕಂದಿನಿಂದ ಹೊರಕ್ಕೆ ಬಾಗಿದ್ದವು, ಬಲಗಾಲು ಹೆಚ್ಚು. ನಿಂತರೆ ಎರಡು ಮೊಳಕಾಲಿನ ನಡುವೆ ಬೆಕ್ಕು ದಾಟಿ ಹೋಗಬಹುದಿತ್ತು. ಅವಳ ಚಪ್ಪಲಿ ಹೊರಬದಿಯಲ್ಲಿ ಸವೆಯುವುದನ್ನು ಕಂಡು ಅಪ್ಪ ಆ ಬದಿಗೆ ಒಂದು ತೆಳು ತೊಗಲಿನ ಪದರು ಸೇರಿಸಿ ಹೊಲಿಯುತ್ತಿದ್ದ. ಪಾದ ಒಂದಿಷ್ಟು ಒಳಕ್ಕೆ ವಾಲಿ, ನಡಿಗೆ ಹಗುರಾಗುತ್ತಿತ್ತು. ಆ ಚಪ್ಪಲಿಯಲ್ಲೇ ಅವಳು ಶಾಲೆ ಮುಗಿಸಿದಳು, ಆ ಚಪ್ಪಲಿಯಲ್ಲೇ ದೇವದುರ್ಗದ ಡಿಪೋದಲ್ಲಿ ಕಂಡಕ್ಟರ್ ಆದಳು. ದೇವದುರ್ಗ–ರಾಯಚೂರು ಬಸ್ಸಿನಲ್ಲಿ ಅವಳು ಸೀಟಿ ಊದಿದರೆ ಎಂಥ ಪುಂಡನೂ ಫುಟ್‌ಬೋರ್ಡಿನಿಂದ ಒಳಗೆ ಸರಿಯುತ್ತಿದ್ದ.

ನಲವತ್ತೈದು ದಾಟಿದ ಮೇಲೆ ಬಲ ಮೊಳಕಾಲು ಕೈಕೊಟ್ಟಿತು. ಹೆಂಗಸರಿಗೆ ಬಿಟ್ಟಿ ಟಿಕೆಟ್ಟು ಬಂದ ಮೇಲೆ ಬಸ್ಸು ಜಾತ್ರೆಯಂತೆ ತುಂಬುತ್ತಿತ್ತು, ದಿನವಿಡೀ ನಿಂತೇ ಇರಬೇಕು. ಸಂಜೆ ಮನೆಗೆ ಬಂದರೆ ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತಿದ್ದಳು. ರಾಯಚೂರಿನ ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಒಳಬದಿಯ ಸಂದು ಪೂರಾ ಸವೆದಿತ್ತು, ಹೊರಬದಿ ಇನ್ನೂ ಗಟ್ಟಿಯಾಗಿತ್ತು. "ಮೊಳಕಾಲು ಬದಲಿ ಮಾಡೂದು ಈಗ ಬ್ಯಾಡ. ಮೊಳಕಾಲಿನ ಕೆಳಗ ಮೂಳಿ ಕೊಯ್ದು, ಸ್ವಲ್ಪ ತೆರದು, ನೆಟ್ಟಗ ಮಾಡಿ ಪ್ಲೇಟ್ ಹಾಕ್ತೀವಿ. ಭಾರ ಗಟ್ಟಿ ಇರೋ ಬಾಜೂಕ ಹೋಗ್ತದ" ಎಂದರು. ಅಕ್ಕ ತಲೆಯಾಡಿಸಿದಳು. "ಗೊತ್ತಾತ್ರೀ. ಮಂದಿ ಎಲ್ಲಾ ಬಸ್ಸಿನ ಒಂದ ಬಾಜೂಕ ನಿಂತಾರ, ಆ ಬಾಜೂಕ ಸರೀರಿ ಅನಬೇಕು, ಅಷ್ಟ ಅಲ್ಲೇನ್ರೀ?"

ಡಾಕ್ಟರು ನಕ್ಕು, ಬಾಗಿಲ ಹೊರಗಿದ್ದ ಅವಳ ಚಪ್ಪಲಿ ತರಿಸಿ ಮಗುಚಿ ನೋಡಿದರು. ಹೊರಬದಿಯ ಪದರನ್ನು ಬೆರಳಿಂದ ಸವರಿ, ಯಾರು ಹೊಲಿದಿದ್ದು ಎಂದರು. ಅಪ್ಪ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. "ಯಜಮಾನ್ರ, ನಾವೂ ಇಂಥ ಕಾಲಿಗೆ ಇದ ಪದರ ಕೊಡ್ತೀವಿ. ನಿಮಗ ಯಾರು ಕಲಿಸಿದ್ರು?" ಅಪ್ಪ ಹೇಳಿದ: "ಆಕಿ ಕಾಲ ಕಲಿಸ್ತ್ರೀ." ಅಪ್ಪನ ಎದೆ ಅಷ್ಟಗಲ ಉಬ್ಬಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಶಸ್ತ್ರಚಿಕಿತ್ಸೆ ಸರಿಯಾಗಿ ಆಯಿತು. ಆದರೆ ಡಿಪೋದವರು ಹೇಳಿದ್ದರು, ರಜೆ ಮುಗಿಯುವುದರೊಳಗೆ ನಿಂತು ಕೆಲಸ ಮಾಡಬಲ್ಲಳು ಎಂಬ ಡಾಕ್ಟರ ಚೀಟಿ ಬೇಕು, ಇಲ್ಲದಿದ್ದರೆ ಆಫೀಸಿನೊಳಗೆ ಕುರ್ಚಿ. ಬೇರೆಯವರಿಗೆ ಅದು ಬಯಸಿ ಪಡೆಯುವ ಭಾಗ್ಯ, ನಮ್ಮಕ್ಕನಿಗೆ ಶಿಕ್ಷೆ. "ಫೈಲಿಗೆ ದಾರ ಕಟ್ಟಾಕ ಇಷ್ಟ ವರ್ಷ ಸೀಟಿ ಊದೀನೇನು?" ಎಂದು ಮಾನ್ವಿಯ ಮನೆಯಲ್ಲಿ ಕಾಲು ಚಾಚಿಕೊಂಡು ಬಯ್ಯುತ್ತಿದ್ದಳು.

ಇಲ್ಲಿಗೆ ನನ್ನ ಪ್ರವೇಶ. ಓದಿದವನು ಸುಮ್ಮನಿರಬೇಕಲ್ಲ! ಮೊಬೈಲಿನಲ್ಲಿ ತಡಕಾಡಿ, ಹೀಗೆ ಮೂಳೆ ತೆರೆದರೆ ಕಾಲು ಉದ್ದವಾಗುತ್ತದಂತೆ ಎಂದು ಅಪ್ಪನಿಗೆ ಹೇಳಿದೆ. "ಎಷ್ಟು?" ಎಂದ ಅಪ್ಪ. ಎಷ್ಟೆಂದು ನಾನು ಓದಿರಲಿಲ್ಲ. ಹಾಗಂತ ಒಪ್ಪಿಕೊಳ್ಳುವುದುಂಟೆ? ಹೆಬ್ಬೆರಳು ತೋರುಬೆರಳು ಅಗಲಿಸಿ "ಇಷ್ಟಿರಬಹುದು" ಎಂದೆ. ಅಪ್ಪ ಆ ಸಂದನ್ನು ಕಣ್ಣು ಕಿರಿದು ಮಾಡಿ ನೋಡಿಕೊಂಡ.

ಅಕ್ಕ ಊರುಗೋಲು ಬಿಡುವ ಹೊತ್ತಿಗೆ ಹೊಸ ಜೋಡು ತಯಾರಾಗಿತ್ತು. ನಾನು ಹೇಳಿದ್ದಕ್ಕೆ ಎಡ ಚಪ್ಪಲಿಗೆ ಒಂದು ದಪ್ಪ ಅಟ್ಟೆ ಹೆಚ್ಚು. ಅಳತೆ ತೆಗೆಯುವುದಿಲ್ಲವೇ ಎಂದು ಅಕ್ಕ ಕೇಳಿದ್ದಕ್ಕೆ ಅಪ್ಪ ರೇಗಿದ್ದ. "ಊರ ಮಂದಿ ಕಾಲಿಗೆ ಅಳತಿ ಬೇಕು. ನನ್ನ ಮಗಳ ಕಾಲಿಗೂ ಅಳತಿ ಬೇಕೇನಬೇ?"

ಆಗ ಶುರುವಾಯಿತು ಕುಂಟುವುದು. ಅಕ್ಕ ದಿನಾ ಬೆಳಿಗ್ಗೆ ಓಣಿಯ ಕೊನೆಯ ತನಕ ನಡೆಯುತ್ತಿದ್ದಳು, ಬರುಬರುತ್ತ ಸೊಂಟ ಒಂದು ಕಡೆ, ಹೆಗಲು ಒಂದು ಕಡೆ. ಹೊಸ ಜಾಗದಲ್ಲಿ ಹೊಸ ನೋವು. ಓಣಿಯವರು "ಕೊಯ್ಸಬಾರದಿತ್ತು ಬಿಡ್ರಿ" ಎಂದರು. ಡಾಕ್ಟರ ಹತ್ತಿರ ಹೋದರೆ, "ನಡಿ ನೋಡೋಣ" ಎಂದು ಕೋಣೆಯೊಳಗೆ ನಡೆಸಿ, "ಛಲೋ ನಡೀತೀಯಲ್ಲವ್ವಾ! ಮೂಳಿ ಪೂರಾ ಕೂಡ್ಯಾದ" ಎನ್ನುತ್ತಿದ್ದರು. ಹೊರಗೆ ಬಂದರೆ ಮತ್ತೆ ಕುಂಟು. ಎರಡು ಸಲ ಹೀಗಾಯಿತು. ಮೂರನೆಯ ಸಲ, ರಜೆ ಮುಗಿಯಲು ಹದಿನೈದು ದಿನ ಇದ್ದಾಗ, ಅಪ್ಪನೂ ನಾನೂ ಪಕ್ಕದಲ್ಲಿ ನಿಂತಿದ್ದಂತೆಯೇ ಅಕ್ಕ ಡಾಕ್ಟರ ಎದುರು ಅತ್ತುಬಿಟ್ಟಳು. ಮೂಳೆ ಕೊಯ್ದಾಗ ಅಳದವಳು. "ನೀವು ಛಲೋ ಅಂತೀರಿ, ನಾ ಕುಂಟಾಕತ್ತೀನಿ. ಇನ್ನ ನಾ ಬಸ್ ಹತ್ತಂಗಿಲ್ಲ ಬಿಡ್ರಿ."

ಡಾಕ್ಟರು ಟೇಪು ತೆಗೆದು ಸೊಂಟದಿಂದ ಹಿಮ್ಮಡದವರೆಗೆ ಎರಡೂ ಕಾಲು ಅಳೆದರು. ಬಲಗಾಲು ಉದ್ದವಾಗಿದ್ದು ಖರೆ, ಆದರೆ ಅರ್ಧ ಸೆಂಟಿಮೀಟರು. "ಬಾಗಿದ್ದು ನೆಟ್ಟಗಾತು, ಮೂಳಿ ಬ್ಯಾರೆ ತೆರದೀವಿ, ಇಷ್ಟು ಆಗೂದ. ನಡಕೋತ ಹೋದ್ರ ಸೊಂಟ ಹೊಂದಕೋತದ. ಇದಕ್ಕ ಯಾರೂ ಕುಂಟಂಗಿಲ್ಲ" ಎಂದು ಯೋಚಿಸುತ್ತ ಬಾಗಿಲ ತನಕ ಬಂದರು. ಅಕ್ಕ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದಳು. ಸೊಂಟ ಒಂದು ಕಡೆ, ಹೆಗಲು ಒಂದು ಕಡೆ.

"ನಿಲ್ಲವ್ವಾ!" ಡಾಕ್ಟರು ಕೂಗಿದರು. "ಚಪ್ಲಿ ಬಿಡು. ಈಗ ನಡಿ."

ಅಕ್ಕ ನಡೆದಳು. ಆಸ್ಪತ್ರೆಯ ಆ ಉದ್ದ ಪಡಸಾಲೆಯಲ್ಲಿ, ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ ನೋಡುತ್ತಿರುವಾಗ, ನೆಟ್ಟಗೆ ಆ ತುದಿಯವರೆಗೆ ಹೋಗಿ ನೆಟ್ಟಗೆ ವಾಪಸು ಬಂದಳು. ನಮ್ಮ ಕಡೆ ಡಾಕ್ಟರ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದುಂಟೇ? ಒಳಗೆ ಕಾಲು ಪರೀಕ್ಷೆಯಾಗುತ್ತಿತ್ತು, ಕುಂಟು ಹೊಸ್ತಿಲ ಹೊರಗೆ ಕಾಯುತ್ತಿತ್ತು. ಮನೆಯೊಳಗೆ ಅವಳು ಬರಿಗಾಲಲ್ಲಿ ಇಡುವ ನಾಲ್ಕು ಹೆಜ್ಜೆಯನ್ನು ನಾವ್ಯಾರೂ ಗಮನಿಸಿರಲಿಲ್ಲ.

ಅಪ್ಪ ಚಪ್ಪಲಿ ಎತ್ತಿಕೊಂಡು ಮಗುಚಿದ. ಎಡಕ್ಕೆ ನಾನು ಹೇಳಿದ ದಪ್ಪ ಅಟ್ಟೆ. ಬಲಕ್ಕೆ, ಹೊರಬದಿಗೆ, ಯಾರೂ ಹೇಳದೆ ಅವನ ಕೈ ತಾನೇ ಸೇರಿಸಿದ್ದ ಹಳೆಯ ಪದರು. ನೆಟ್ಟಗಾದ ಕಾಲನ್ನು ಅದು ಹೆಜ್ಜೆಹೆಜ್ಜೆಗೂ ಓರೆ ಮಾಡುತ್ತಿತ್ತು. ಅಪ್ಪ ಆ ಪದರನ್ನು ಬೆರಳಿಂದ ಸವರಿದ. "ನನ್ನ ಕೈ ಇನ್ನಾ ಹಳೇ ಕಾಲಿಗೇ ಹೊಲ್ಯಾಕತ್ತಿತ್ತು" ಎಂದ. ಹೆಗಲ ಮೇಲಿನ ಟವೆಲ್ಲು ಕಣ್ಣಿಗೆ ಒತ್ತಿಕೊಂಡ. ನಾನು ನನ್ನ ಬೆರಳುಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡೆ. ಅಕ್ಕ ಮಾತ್ರ ಕಣ್ಣೀರು ಒರೆಸಿಕೊಳ್ಳುತ್ತಲೇ ನಗತೊಡಗಿದಳು. "ಯಪ್ಪಾ, ಕಾಲು ಛಲೋ ಆತಲ್ಲೋ! ಯಾಕ ಅಳ್ತಿ?" ಅಪ್ಪ ಕಾಂಪೌಂಡರರಿಂದ ಖಾಲಿ ಔಷಧಿ ಡಬ್ಬಿ ಇಸಿದುಕೊಂಡು ಹರಿದು ನೆಲಕ್ಕೆ ಹಾಸಿ, ಮಗಳನ್ನು ಅದರ ಮೇಲೆ ನಿಲ್ಲಿಸಿ, ಡಾಕ್ಟರ ಪೆನ್ನಿನಿಂದಲೇ ಗೆರೆ ಎಳೆದ. ಹೊಸ ಗಿರಾಕಿಗೆ ಎಳೆಯುವ ಹಾಗೆ, ನಿಧಾನಕ್ಕೆ, ಒಂದು ಬೆರಳೂ ಬಿಡದೆ.

ಸಪಾಟಾದ ಅಟ್ಟೆಯ ಹೊಸ ಜೋಡು ಮೆಟ್ಟಿ ಹತ್ತು ದಿನಕ್ಕೆ ಅಕ್ಕ ಚೀಟಿ ಗೆದ್ದಳು. ಮೊದಲ ದಿನ ಅಪ್ಪ ದೇವದುರ್ಗಕ್ಕೇ ಹೋಗಿ ಅವಳ ಬಸ್ಸು ಹತ್ತಿದ. ಕಿಟಕಿ ಪಕ್ಕ ಕೂತರೂ ಹೊರಗೆ ನೋಡಲಿಲ್ಲವಂತೆ, ರಾಯಚೂರು ಮುಟ್ಟುವವರೆಗೂ ಮಗಳ ಪಾದವನ್ನೇ ನೋಡಿದನಂತೆ. ಇಳಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೆಲ್ಲ ನಿಲ್ಲಿಸಿ ಹೇಳಿದನಂತೆ: "ನಿಂತಕೊಂಡ ಬಂದಾಳ್ರೀ ನನ್ನ ಮಗಳು. ಊರಿಂದ ಊರಿಗೆ!"

ಅದಾಗಿ ಎರಡು ವರ್ಷವಾಯಿತು. ಇವತ್ತು ಬೆಳಿಗ್ಗೆ ಕೆಲಸವಿದ್ದು ದೇವದುರ್ಗಕ್ಕೆ ಹೊರಟೆ, ಅಕ್ಕನದೇ ಬಸ್ಸು. ಸೀಟು ಹಿಡಿದು ಆರಾಮಾಗಿ ಕೂತಿದ್ದೆ. "ಏಳ್ರಿ ಸರ್, ಯವ್ವ ನಿಂತಾಳ" ಎಂದು ಅಕ್ಕ ನನ್ನನ್ನು ಎಬ್ಬಿಸಿ ಒಬ್ಬ ಮುದುಕಿಯನ್ನು ಕೂಡಿಸಿದಳು. ಸರಳು ಹಿಡಿದು ನಿಂತೆ. ಅರ್ಧ ದಾರಿಗೆ ನನ್ನ ಮೊಳಕಾಲು ಗೊಣಗತೊಡಗಿದವು. ಅಕ್ಕ ಮಂದಿಯ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇದ್ದಳು. ಪಕ್ಕಕ್ಕೆ ಬಂದಾಗ ಮೆಲ್ಲಗೆ ಕೇಳಿದೆ, "ಯಕ್ಕಾ, ಕಾಲು ನೋಯಂಗಿಲ್ಲೇನು?"

ಅವಳು ಯಾರಿಗೋ ಟಿಕೆಟ್ಟು ಹರಿದು ಕೊಡುತ್ತಿದ್ದಳು. ತಲೆ ಎತ್ತದೆ, "ಯಾವ ಕಾಲು?" ಎಂದು ಕೇಳಿ, ಹಿಂದಿನ ಬಾಗಿಲ ಕಡೆಗೆ ನಡೆದುಬಿಟ್ಟಳು.